ಗಳಗನಾಥರ ತಲೆಯ ಮೇಲಿನ ಗಂಟು

'ಮಾರಾಟಕ್ಕಾಗಿ ಬರೆಯುವವರು' ಎಂಬ ಮಾತನ್ನು ನಮ್ಮ ಸಾಹಿತ್ಯ ಸಭೆಗಳಲ್ಲಿ ಬೈಗುಳದ ಹಾಗೆ ಬಳಸುತ್ತಾರೆ. ವೇದಿಕೆಯ ಮೇಲಿದ್ದವರು ಹಾಗೆಂದ ಕೂಡಲೇ ಕೆಳಗೆ ಕುಳಿತವರು ನಗುತ್ತಾರೆ. ಧಾರವಾಡದ ಸಭೆಗಳಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಈ ನಗೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ನಾನೇನು ದೊಡ್ಡ ಸಾಹಿತಿಯಲ್ಲ. ನವಲಗುಂದ ತಾಲೂಕಿನ ಯಮನೂರಿನವಳು. ಬಿ.ಎ., ಬಿ.ಇಡಿ. ಮುಗಿಸಿ ಮಕ್ಕಳಿಗೆ ಕನ್ನಡ ಕಲಿಸುತ್ತ ತಲೆ ನೆರೆಸಿಕೊಂಡವಳು. ನಾಲ್ಕಾರು ಕತೆ ಬರೆದಿದ್ದೇನೆ, ನಾಲ್ಕಾರು ನೂರು ಕಾದಂಬರಿ ಓದಿದ್ದೇನೆ. ಆ ಓದಿನ ಬಲದ ಮೇಲೆ ಒಂದು ಮಾತು ಹೇಳುತ್ತೇನೆ: ಕೊಂಡು ಓದುವಂಥ ಕತೆಯನ್ನು ಬರೆಯುವುದು ಒಂದು ಕಸುಬು. ಅದನ್ನು ಕಲಿಯಬೇಕು, ಕಲಿಸಬೇಕು. ಅದನ್ನು ಕೀಳೆನ್ನುವವರು ಕತೆಗಾರನನ್ನಲ್ಲ, ಓದುವವರನ್ನು ಕೀಳೆನ್ನುತ್ತಾರೆ.

ನಮ್ಮದು ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ. ಹೆಸರು ಬೆಳೆದ ರೈತ ಚೀಲ ತುಂಬಿಕೊಂಡು ಹುಬ್ಬಳ್ಳಿಯ ಪೇಟೆಗೆ ಒಯ್ಯುತ್ತಾನೆ. ಅಡತಿಯವನು ಮುಷ್ಟಿಯಲ್ಲಿ ಕಾಳು ಹಿಡಿದು, ಹಸನಿದೆಯೋ ಕಸವಿದೆಯೋ ನೋಡುತ್ತಾನೆ. ಮಾರಾಟಕ್ಕೆ ಬೆಳೆದನೆಂದು ಯಾರೂ ಆ ರೈತನನ್ನು ಆಡಿಕೊಳ್ಳುವುದಿಲ್ಲ. ಸಾಹಿತ್ಯದ ಹೊಲದಲ್ಲಿ ಮಾತ್ರ ರಿವಾಜೇ ಬೇರೆ. ಅಲ್ಲಿ ಹೆಸರು ಬೆಳೆಯಬೇಕು, ಸಂತೆಗೆ ಒಯ್ಯಬಾರದು!

ಈ ನಾಡಿನಲ್ಲಿ ಮೊದಲಿನಿಂದ ಹೀಗಿರಲಿಲ್ಲ. ಗಳಗನಾಥರನ್ನು ನೆನೆಯೋಣ. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು. 1869ರಲ್ಲಿ ಹುಟ್ಟಿದವರು. ಆಗ ಧಾರವಾಡ ಜಿಲ್ಲೆಯಲ್ಲಿಯೇ ಇದ್ದ ಹಾವೇರಿ ಸೀಮೆಯ ಗಳಗನಾಥ ಊರಿನವರು. ನನ್ನಂತೆ ಅವರೂ ಶಾಲಾ ಮಾಸ್ತರರು. ಆ ಕಾಲಕ್ಕೆ ನಮ್ಮ ಭಾಗದಲ್ಲಿ ಓದಿದವನೆಂದರೆ ಮರಾಠಿ ಓದಿದವನು. ಕನ್ನಡ ಓದುವುದೇ ಕೀಳು ಎಂಬ ಭಾವನೆ. ಗಳಗನಾಥರು ಮರಾಠಿಯಲ್ಲಿ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಜನ ಯಾಕೆ ಕೈಬಿಡದೆ ಓದುತ್ತಾರೆಂದು ನೋಡಿದರು. ಅವುಗಳನ್ನು ಕನ್ನಡಕ್ಕೆ ತಂದರು, ತಂದು ತಂದು ಕಸುಬು ಕಲಿತರು. ಆಮೇಲೆ 'ಮಾಧವ ಕರುಣಾವಿಲಾಸ'ದಂಥ ಸ್ವಂತ ಕೃತಿ ಬರೆದರು. 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ನಡೆಸಿದರು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ, ಮನೆಯ ಬಾಗಿಲಿಗೆ ಹೋಗಿ ಮಾರಿದರು. 1942ರಲ್ಲಿ ತೀರಿಕೊಂಡಾಗ ಅವರು ಶ್ರೀಮಂತರಾಗಿರಲಿಲ್ಲ. ಆದರೆ ಅವರ ಹಿಂದೆ ಕನ್ನಡ ಓದುವ ಒಂದು ಪೀಳಿಗೆ ಇತ್ತು.

ಮನೆಯ ಬಾಗಿಲಲ್ಲಿ ನಿಂತು ಪುಸ್ತಕ ಮಾರುವವನಿಗೆ ಒಂದು ಪಾಠ ತಾನಾಗಿಯೇ ಆಗುತ್ತದೆ. ಹೋದ ಸಲ ಒಯ್ದ ಪುಸ್ತಕ ಓದಿದರೋ ಇಲ್ಲವೋ, ಎಲ್ಲಿ ಬೇಸರ ಬಂತು, ಎಲ್ಲಿ ಕಣ್ಣೀರು ಬಂತು ಎಂಬುದನ್ನು ಕೊಂಡವರ ಬಾಯಿಂದಲೇ ಕೇಳುತ್ತಾನೆ. ಇದಕ್ಕಿಂತ ದೊಡ್ಡ ವಿಮರ್ಶೆ ಯಾವುದಿದೆ?

ಬಯಲಾಟದವರೂ ಕಂಪನಿ ನಾಟಕದವರೂ ಇದೇ ಶಾಲೆಯಲ್ಲಿ ಕಲಿತವರು. 'ಸಂಗ್ಯಾ ಬಾಳ್ಯಾ' ಬರೆದ ಪತ್ತಾರ ಮಾಸ್ತರರಿಗೆ ಯಾವ ಕಮ್ಮಟ ಇತ್ತು? ಬೈಲಹೊಂಗಲದಲ್ಲಿ ನಡೆದ ಒಂದು ಪ್ರೀತಿ, ಒಂದು ದ್ರೋಹ, ಒಂದು ಕೊಲೆಯನ್ನು ಹಿಡಿದು, ಜನ ಬೆಳ್ಳಬೆಳತನಕ ಎದ್ದು ಹೋಗದ ಹಾಗೆ ಕಟ್ಟಿದರು. ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಹಳ್ಳಿಹಳ್ಳಿಯಲ್ಲಿ ಆಡಿದ ನಾಟಕ. 1974ರಲ್ಲಿ ರಾಜಕುಮಾರರ ಸಿನಿಮಾ ಆಯಿತು. ಟಿಕೀಟು ಕೊಂಡವನು ಎರಡನೆಯ ಅಂಕಕ್ಕೆ ಎದ್ದು ಹೋದರೆ ಮರುದಿನ ಕಂಪನಿಯ ಒಲೆ ಹೊತ್ತುವುದಿಲ್ಲ. ಆ ಭಯ ಅವರಿಗೆ ಕಸುಬು ಕಲಿಸಿತು.

ಹೆಣ್ಣುಮಕ್ಕಳ ಮಾತಿಗೆ ಬರುತ್ತೇನೆ. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ ಇವರನ್ನೆಲ್ಲ 'ಅಡುಗೆಮನೆ ಸಾಹಿತ್ಯ' ಎಂದು ಒಂದೇ ಮಾತಿನಲ್ಲಿ ಕಟ್ಟಿ ಅಟ್ಟಕ್ಕೆ ಎಸೆದವರಿದ್ದಾರೆ. ನನ್ನ ಅವ್ವ ನಾಲ್ಕನೆಯ ಇಯತ್ತೆ ಕಲಿತವಳು. ಮಧ್ಯಾಹ್ನ ಪಡಸಾಲೆಯಲ್ಲಿ ಓಣಿಯ ಹೆಂಗಸರು ಹತ್ತಿ ಬಿಡಿಸುತ್ತ ಕುಳಿತಾಗ ಆಕೆ 'ಶರಪಂಜರ' ಓದುತ್ತಿದ್ದಳು. ಹೆರಿಗೆಯ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಯಿಂದ ಗುಣವಾಗಿ ಬಂದರೂ ಮನೆಯವರ ಕಣ್ಣಿನಲ್ಲಿ ಹುಚ್ಚಿಯಾಗಿಯೇ ಉಳಿದ ಕಾವೇರಿಯ ಕತೆ ಅದು. ಓದು ಮುಗಿದ ದಿನ ಒಬ್ಬಾಕೆ, "ನಮ್ಮ ನೆಗೆಣ್ಣಿಗೂ ಹಿಂಗ ಆಗಿತ್ತವ್ವಾ, ನಾವು ದೆವ್ವ ಬಡದೈತಿ ಅಂತ ಬೇವಿನ ತಪ್ಪಲಾ ತಗೊಂಡು ಬಡದ್ವಿ" ಎಂದು ಅತ್ತಳು. ಯಾವ ವಿಚಾರ ಸಂಕಿರಣ ಆ ಪಡಸಾಲೆಯವರೆಗೆ ಬಂದಿತ್ತು? ಮನಃಶಾಸ್ತ್ರ ಓದಿದ ತ್ರಿವೇಣಿಯವರು ಅದನ್ನು ನಾಲ್ಕನೆಯ ಇಯತ್ತೆಯವಳಿಗೆ ತಿಳಿಯುವ ಹಾಗೆ ಬರೆದರು. 1963ರಲ್ಲಿ ತೀರಿಕೊಂಡಾಗ ಅವರಿಗೆ 35 ತುಂಬಿರಲಿಲ್ಲ. ಅದೇ ವರ್ಷ 'ತುಂಗಭದ್ರಾ' ಕಾದಂಬರಿಯೊಡನೆ ಬಂದ ಇಂದಿರಾ ಅವರಿಗೆ 46 ವರ್ಷ. 1976ರಲ್ಲಿ ಅವರು ಕೊಟ್ಟ 'ಫಣಿಯಮ್ಮ'ನನ್ನು ಓದಿ ತಲೆ ಬೋಳಿಸುವ ಕ್ರೌರ್ಯಕ್ಕೆ ನಾಚದವರು ಯಾರು? ಅಡುಗೆಮನೆ ಸಾಹಿತ್ಯವೆಂದರೆ ಇದೇ ಆದರೆ, ಅಂಥದ್ದು ಇನ್ನೂ ಬರಲಿ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಮರೆಯಲಾದೀತೇ? ಹೆಚ್ಚು ಶಾಲೆ ಕಲಿಯದ ಆ ಮನುಷ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಚಿಕ್ಕ ವಾಕ್ಯ, ಚಿಕ್ಕ ಪ್ರಕರಣ, ಕೊನೆಯಲ್ಲಿ ಒಂದು ಗಂಟು. ಪಠ್ಯಪುಸ್ತಕ ಕಂಡರೆ ಓಡುವ ಹುಡುಗರು ಅವನ್ನು ದಿಂಬಿನ ಕೆಳಗಿಟ್ಟುಕೊಂಡು ಓದಿ ಕನ್ನಡ ಹಸನು ಮಾಡಿಕೊಂಡರು. ಕನ್ನಡ ಕಲಿಸುವವಳಾಗಿ ನಾನು ಅವರಿಗೆ ಋಣಿ.

'ಹಾಗಾದರೆ ಮಾರಾಟವಾದುದೆಲ್ಲ ಒಳ್ಳೆಯದೇ?' ಎಂದು ಕೇಳುವಿರಿ. ಅಲ್ಲ. ದಾರಾವಾಹಿಯಲ್ಲಿ ವರ್ಷಗಟ್ಟಲೆ ಅತ್ತೆ ಸೊಸೆಗೆ ವಿಷ ಬೆರೆಸುವುದನ್ನು ನೋಡಿದವಳೇ ನಾನು. ಆದರೆ ಮಾರಾಟವಾಗದೆ ಉಳಿದದ್ದೆಲ್ಲ ಶ್ರೇಷ್ಠ ಎಂಬ ಲೆಕ್ಕವೂ ಸುಳ್ಳು. ತೇಜಸ್ವಿಯವರ 'ಕರ್ವಾಲೊ' 1980ರಿಂದ ಮತ್ತೆ ಮತ್ತೆ ಅಚ್ಚಾಗುತ್ತಲೇ ಇದೆ. ಅದರ ತೂಕ ಅದರಿಂದ ಒಂದು ಗುಂಜಿಯೂ ಕಡಿಮೆಯಾಗಿಲ್ಲ. ಹಾರುವ ಓತಿಯ ಬೆನ್ನು ಹತ್ತಿಸಿ ವಿಶ್ವದ ರಹಸ್ಯದ ಮುಂದೆ ನಿಲ್ಲಿಸುವ ಆ ಉಪಾಯವೇ ನಾನು ಹೇಳುವ ಕಸುಬು.

ಈಗ ನೋವಿನ ಮಾತು. ನಮ್ಮ ಇಂದಿನ ಲೇಖಕರು ಮಾರುವುದಿಲ್ಲವೇ? ಮಾರುತ್ತಾರೆ. ಆದರೆ ಓದುಗನಿಗಲ್ಲ, ಇಲಾಖೆಗೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆಯಲ್ಲಿ ಒಂದು ಪುಸ್ತಕದ 300 ಪ್ರತಿಗಳವರೆಗೆ ಕೊಳ್ಳುವ ಪದ್ಧತಿ ಬಂತು. ಬೆಲೆ ಪುಟದ ಲೆಕ್ಕದಲ್ಲಿ. ಸಣ್ಣ ಪ್ರಕಾಶಕರು ಉಳಿಯಲೆಂದು, ಹಳ್ಳಿಗೂ ಪುಸ್ತಕ ಮುಟ್ಟಲೆಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ಅದನ್ನೇ ನೆಚ್ಚಿ ಅಚ್ಚು ಹಾಕುವವರಿಗೆ ಓದುಗ ಬೇಕಾಗುವುದಿಲ್ಲ. ಒಬ್ಬ ಪ್ರಕಾಶಕರು ನನ್ನ ಕತೆಗಳ ಕೈಬರಹವನ್ನು ಬಿಚ್ಚಿಯೂ ನೋಡದೆ, "ಮೂವತ್ತು ಸಾವಿರ ಕೊಡ್ರಿ ಅಕ್ಕೋರ, ಪುಸ್ತಕಾ ಮಾಡ್ತೀವಿ. ಓದೋರ ಚಿಂತಿ ನಿಮಗ್ಯಾಕ, ಲೈಬ್ರರಿಗೆ ಹಾಕೋಣು" ಎಂದರು. ಕೈಬರಹ ತಿರುಗಿ ತಂದೆ. ಓದುವವರ ಚಿಂತೆ ಇಲ್ಲದ ಮೇಲೆ ಬರೆಯುವುದಾದರೂ ಯಾರಿಗೆ?

ಇನ್ನೊಂದು ಕಡೆಯಿಂದ ಹೊಸ ವ್ಯಾಪಾರ ಬಂದಿದೆ. ಎರಡು ದಿನದ ಶಿಬಿರ, ಕೈತುಂಬ ಶುಲ್ಕ. ಇಷ್ಟನೆಯ ಪುಟಕ್ಕೆ ತಿರುವು, ಇಷ್ಟನೆಯ ಪುಟಕ್ಕೆ ಕಣ್ಣೀರು, ಹಳ್ಳಿಯ ಮಾತು ತೆಗೆದುಹಾಕಿ, ಎಲ್ಲರಿಗೂ ತಿಳಿಯುವಂತೆ ಮಾಡಿ ಎಂಬ ಉಪದೇಶ. ಇದು ಅಚ್ಚಿನಲ್ಲಿ ಬೆಲ್ಲ ಹುಯ್ಯುವ ಕೆಲಸ. ಅಚ್ಚು ಯಾರ ಮನೆಯದಾದರೂ ಆದೀತು, ಪಾಕ ಬರುವುದು ಮಾತ್ರ ಒಲೆಯ ಮುಂದೆ ಬೆವರು ಹರಿಸಿದವನಿಗೆ.

ಹಾಗಾದರೆ ಕಲಿಯುವುದು ಏನನ್ನು? ನನ್ನ ತರಗತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಊಟದ ಬಿಡುವಾದ ಮೇಲಿನ ತಾಸಿನಲ್ಲಿ ಕತೆ ಓದಿ ನೋಡಿರಿ. ಊರಿನ ವರ್ಣನೆ ಒಂದೂವರೆ ಪುಟ ನಡೆದರೆ ಹುಡುಗರು ಬೆಂಚು ಕೆರೆಯುತ್ತಾರೆ. 'ಅವ್ವ ಎಮ್ಮೆ ಮಾರಿದ್ದು ಅಪ್ಪನಿಗೆ ಗೊತ್ತಿರಲಿಲ್ಲ' ಎಂದು ಸುರುಮಾಡಿದರೆ ಕೆರೆಯುವ ಕೈ ನಿಲ್ಲುತ್ತದೆ. ಯಾರಿಗೋ ಏನೋ ಬೇಕಾಗಿದೆ, ಅದಕ್ಕೆ ಅಡ್ಡಿ ಇದೆ ಎಂಬುದು ಮೊದಲೇ ತಿಳಿಯಬೇಕು. ಆಡುವ ಮಾತಿನಲ್ಲಿ ಆ ಮನುಷ್ಯನ ಓಣಿ ಕೇಳಿಸಬೇಕು. ಹಾಲು ಹಿಂಡುವುದಕ್ಕೂ ರೊಟ್ಟಿ ಬಡಿಯುವುದಕ್ಕೂ ನಡುವೆ ಸಿಗುವ ಅರ್ಧ ತಾಸಿನಲ್ಲಿ ಓದುವವಳಿಗೆ ಒಂದು ಪ್ರಕರಣ ಮುಗಿಯಬೇಕು, ಮುಂದಿನದು ಕರೆಯಬೇಕು. ವಾರಪತ್ರಿಕೆಗಳ ದಾರಾವಾಹಿ ಬರೆದವರಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಕತೆಯ ಬರವೇನೂ ನಮಗಿಲ್ಲ. ಯಮನೂರಿನ ದೇವರು ಒಬ್ಬರಿಗೆ ಚಾಂಗದೇವ, ಇನ್ನೊಬ್ಬರಿಗೆ ರಾಜಾಬಾಗಸವಾರ. ಹುಲಿಯ ಮೇಲೆ ಕುಳಿತು ಬಂದ ಮಹಾತ್ಮನ ಕತೆಯನ್ನು ಹಿಂದೂ, ಮುಸಲ್ಮಾನರಿಬ್ಬರೂ ತಮ್ಮದೇ ಎಂದು ಹೇಳುತ್ತಾರೆ. ಜಾತ್ರೆಗೆ ದೂರದೂರದಿಂದ ಬಂದು ಬೆಣ್ಣಿಹಳ್ಳದಲ್ಲಿ ಮೀಯುತ್ತಾರೆ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತು. 2016ರ ಜುಲೈಯಲ್ಲಿ ಮಹದಾಯಿ ನೀರಿನ ಹೋರಾಟದ ಕಾಲಕ್ಕೆ ಲಾಠಿ ಏಟಿನ ಸುದ್ದಿಯಿಂದ ನಮ್ಮೂರಿನ ಹೆಸರು ನಾಡಿಗೆಲ್ಲ ತಿಳಿಯಿತು. ಆ ದಿನಗಳ ಮನೆಯೊಳಗಿನ ಮಾತನ್ನು, ನಮ್ಮ ಊರಿನ ಹುಡುಗಿ ದುಡ್ಡು ಕೊಟ್ಟು ಕೊಂಡು ಓದುವ ಹಾಗೆ ಬರೆದ ಕಾದಂಬರಿಯನ್ನು ನಾನಿನ್ನೂ ಕಾಯುತ್ತಿದ್ದೇನೆ.

ನಮ್ಮ ಮಕ್ಕಳಿಗೆ ಕತೆಯ ಹಸಿವು ಹೋಗಿಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷಕ್ಕೊಂದು ಕತೆ ಅವರಿಗೆ ಸಿಗುತ್ತಿದೆ, ಯಾರೋ ಎಲ್ಲಿಯೋ ಕಸುಬು ಕಲಿತು ಮಾಡಿದ್ದು. ನಾವು ಮಾತ್ರ ಕಸುಬೇ ಹೊಲೆ ಎಂದು ಮಡಿಯುಟ್ಟು ಕುಳಿತಿದ್ದೇವೆ. 2025ರಲ್ಲಿ ಬಾನು ಮುಷ್ತಾಕರ ಕತೆಗಳಿಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಹಿಗ್ಗಿದೆವು. ಸರಿಯೇ. ಆದರೆ ದಶಕಗಳಿಂದ ಕನ್ನಡದಲ್ಲಿಯೇ ಇದ್ದ ಕತೆಗಳನ್ನು ಓದಲು ನಮ್ಮಲ್ಲಿ ಎಷ್ಟು ಜನರಿಗೆ ಲಂಡನ್ನಿನ ಅಪ್ಪಣೆ ಬೇಕಾಯಿತು ಎಂದು ಎದೆ ಮುಟ್ಟಿಕೊಂಡು ಕೇಳಿಕೊಳ್ಳಬೇಕು.

ಆದ್ದರಿಂದ ಹೊಸದಾಗಿ ಬರೆಯುವವರಿಗೆ ನನ್ನ ಮಾತು ಇಷ್ಟೇ. ಪ್ರಶಸ್ತಿಯ ಸಮಿತಿಗೂ ಖರೀದಿಯ ಸಮಿತಿಗೂ ಬರೆಯಬೇಡಿರಿ. ಬರೆದುದನ್ನು ಮೊದಲು ಒಂದು ಪಡಸಾಲೆಯಲ್ಲಿ ಓದಿರಿ. ಯಾರು ಎದ್ದು ಹೋದರು, ಯಾಕೆ ಎದ್ದು ಹೋದರು ನೋಡಿ ತಿದ್ದಿರಿ. ಆಮೇಲೆ ನಿಮ್ಮ ಗಂಟನ್ನು ನೀವೇ ಹೊತ್ತು ನಾಲ್ಕು ಬಾಗಿಲಿಗೆ ಹೋಗಿರಿ. ತಲೆಯ ಮೇಲೆ ಗಂಟು ಹೊತ್ತವನ ತಲೆ ತಗ್ಗುವುದಿಲ್ಲ. ತಗ್ಗಿದರೆ ಗಂಟು ಬೀಳುತ್ತದೆ.