ಬಿರುಕಿನ ಮೂಲ ಬಿಸಿಯಲ್ಲಿದೆ

ಕಬ್ಬು ನುರಿಸುವ ಹಂಗಾಮಿಗೆ ಮುನ್ನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಯಂತ್ರಗಳ ದುರಸ್ತಿ ನಡೆಯುತ್ತದೆ. ಆಗ ಲೇಥ್‌ನ ಕಾರ್ಬೈಡ್ ಟೂಲ್ ಮುರಿದರೆ ಕೆಲಸವೂ ವೇಳೆಯೂ ಕೆಡುತ್ತವೆ. ದೋಷವನ್ನು ಟೂಲ್‌ನ ಗುಣಮಟ್ಟಕ್ಕೆ ಹೊರಿಸುವುದು ವಾಡಿಕೆ. ಆದರೆ ಅನೇಕ ವೇಳೆ ಬಿರುಕು ಹುಟ್ಟುವುದು ಸಾಣೆ ಹಿಡಿಯುವಾಗಲೇ.

ಕಾರ್ಬೈಡ್ ಬಲು ಕಠಿಣ, ಆದರೆ ಪೆಡಸು. ಬಿಸಿಗೆ ಅದು ಹಿಗ್ಗುವುದು ಉಕ್ಕಿನ ಸುಮಾರು ಅರ್ಧದಷ್ಟು. ಆದಕಾರಣ ಉಕ್ಕಿನ ದಂಡಕ್ಕೆ ಬೆಸೆದ ಟಿಪ್‌ನಲ್ಲಿ ಒತ್ತಡ ಮೊದಲೇ ಅಡಗಿರುತ್ತದೆ. ಸಾಣೆಯಲ್ಲಿ ಕಾದ ಟಿಪ್ಪನ್ನು ನೀರಿಗೆ ಅದ್ದಿದೊಡನೆ ಕೂದಲೆಳೆಯಂಥ ಬಿರುಕು ಮೂಡಬಹುದು.

ಉಕ್ಕಿಗೆ ಬಳಸುವ ಅಲ್ಯುಮಿನಿಯಂ ಆಕ್ಸೈಡ್ ಚಕ್ರ ಕಾರ್ಬೈಡಿಗೆ ಸಲ್ಲದು. ಒರಟು ಕೆಲಸಕ್ಕೆ ಹಸಿರು ಸಿಲಿಕಾನ್ ಕಾರ್ಬೈಡ್ ಚಕ್ರ, ನಯಗೊಳಿಸಲು ವಜ್ರದ ಚಕ್ರ ತಕ್ಕದ್ದು. ಒತ್ತಡ ಹಗುರವಾಗಿರಬೇಕು, ಟೂಲ್ ಒಂದೆಡೆ ನಿಲ್ಲದೆ ಚಲಿಸುತ್ತಿರಬೇಕು, ಮೊಂಡಾದ ಚಕ್ರವನ್ನು ಡ್ರೆಸ್ಸಿಂಗ್ ಮಾಡಬೇಕು. ಕೂಲಂಟ್ ಹರಿಸುವುದಾದರೆ ಧಾರಾಳವಾಗಿ, ಎಡೆಬಿಡದೆ ಹರಿಸಬೇಕು. ಇಲ್ಲವಾದರೆ ಒಣದಾಗಿಯೇ ಸಾಣೆ ಹಿಡಿಯುವುದು ಲೇಸು.

ವಜ್ರದ ಚಕ್ರ ದುಬಾರಿ ಎಂಬ ಸಣ್ಣ ಉದ್ಯಮಿಗಳ ಮಾತಿನಲ್ಲಿ ಹುರುಳಿದೆ. ಆದರೆ ಕಾದ ಟೂಲನ್ನು ನೀರಿಗೆ ಅದ್ದದಿರಲು ಬಿಡಿಗಾಸೂ ಬೇಕಿಲ್ಲ. ಹೊಸ ಕೆಲಸಗಾರನಿಗೆ ಮೊದಲ ದಿನವೇ ಕಲಿಸಬೇಕಾದ ಪಾಠ ಇದು.