ರೀಲು ಡಬ್ಬ ಹೊತ್ತವರು

ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳನ್ನು ಕಟ್ಟಿದವರಲ್ಲಿ ಕ್ಯಾಮೆರಾ ಹಿಡಿದು ಬಂದವರು ಕಡಿಮೆ. ಅಡಾಲ್ಫ್ ಝೂಕರ್ ತುಪ್ಪಳದ ವ್ಯಾಪಾರಿ. ಕಾರ್ಲ್ ಲೆಮ್ಲೆ ವಿಸ್ಕಾನ್ಸಿನ್ ಪ್ರಾಂತದ ಬಟ್ಟೆ ಅಂಗಡಿಯೊಂದರಲ್ಲಿ ದುಡಿದವನು. ಲೂಯಿ ಬಿ. ಮೇಯರ್ ಮನೆಯವರದು ಗುಜರಿ ವ್ಯವಹಾರ. ಇವರೆಲ್ಲ ಮೊದಲು ಚಿತ್ರ ತೋರಿಸಿ ಕಾಸು ಎಣಿಸಿದರು. ಲೆಮ್ಲೆಯಂಥವರು ಆಮೇಲೆ ರೀಲುಗಳನ್ನು ಊರೂರಿಗೆ ಬಾಡಿಗೆಗೆ ಕೊಟ್ಟರು. ಕೊಡಲು ಸಾಕಷ್ಟು ಚಿತ್ರ ಸಿಗದಾದಾಗಲೇ ತಯಾರಿಕೆಗೆ ಕೈಹಾಕಿದ್ದು.

ಬಾಡಿಗೆಯ ಪದ್ಧತಿಯೂ ಮೊದಲಿನಿಂದ ಇದ್ದದ್ದಲ್ಲ. ಆರಂಭದಲ್ಲಿ ಚಿತ್ರವನ್ನು ಅಂಗಡಿಯಲ್ಲಿ ಬಟ್ಟೆ ಅಳೆದು ಕೊಟ್ಟಂತೆ ಅಡಿಗಿಷ್ಟು ಎಂದು ಮಾರುತ್ತಿದ್ದರು. ಕೊಂಡವನ ಊರಿನವರೆಲ್ಲ ಅದನ್ನು ನೋಡಿ ಮುಗಿಸಿದ ಮೇಲೆ ಆ ಸುರುಳಿ ಮೂಲೆ ಸೇರಬೇಕು. 1903ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದ ಮೈಲ್ಸ್ ಸಹೋದರರು ಚಿತ್ರಗಳನ್ನು ತಾವು ಕೊಂಡು, ಬಾಡಿಗೆಗೆ ಬಿಡತೊಡಗಿದರು. ವಾರದಲ್ಲಿ ಹಲವು ಬಾರಿ ಚಿತ್ರ ಬದಲಿಸುತ್ತಿದ್ದ ಐದು ಸೆಂಟಿನ ನಿಕಲೋಡಿಯನ್‌ಗಳು ಬದುಕಿದ್ದೇ ಈ ಏರ್ಪಾಟಿನಿಂದ.

ನಡುವಿನವನ ಕೈಯಲ್ಲಿ ಹಣವಿದೆ ಎಂಬುದು ಎಡಿಸನ್ ಬಳಗಕ್ಕೂ ಹೊಳೆಯದೆ ಇರಲಿಲ್ಲ. 1908ರ ಡಿಸೆಂಬರ್‌ನಲ್ಲಿ ಹತ್ತು ಕಂಪನಿಗಳು ಸೇರಿ ಪೇಟೆಂಟುಗಳ ಕೂಟ ಕಟ್ಟಿದವು. ಚಿತ್ರಮಂದಿರದವರು ವಾರಕ್ಕೆ ಎರಡು ಡಾಲರ್ ತೆರಬೇಕು. ಕೊಡಕ್‌ನ ಕಚ್ಚಾ ಫಿಲ್ಮ್ ಕೂಟದವರಿಗೆ ಮಾತ್ರ. 1910ರಲ್ಲಿ ಇದೇ ಕೂಟ ‘ಜನರಲ್ ಫಿಲ್ಮ್’ ಎಂಬ ಸಂಸ್ಥೆ ತೆರೆದು, ಪರವಾನಗಿ ಇದ್ದ ವಿತರಣಾ ಕಚೇರಿಗಳನ್ನು ಒಂದೊಂದಾಗಿ ಕೊಂಡು ಹಾಕಿತು. ಮಾರಲೊಪ್ಪದೆ ಉಳಿದವನು ನ್ಯೂಯಾರ್ಕಿನ ವಿಲಿಯಂ ಫಾಕ್ಸ್ ಒಬ್ಬನೇ. ಅವನ ಪರವಾನಗಿ ರದ್ದಾಯಿತು. ಅವನು ಸುಮ್ಮನೆ ಕೂರುವ ಆಸಾಮಿಯಲ್ಲ, ಸರ್ಕಾರದ ಬಾಗಿಲು ಬಡಿದ. 1912ರಲ್ಲಿ ಹೂಡಿದ ಮೊಕದ್ದಮೆಯಲ್ಲಿ 1915ರ ಅಕ್ಟೋಬರ್‌ನಲ್ಲಿ ಕೂಟದ ವಿರುದ್ಧ ತೀರ್ಪು ಬಂತು. ಅಷ್ಟರಲ್ಲಿ ಕೂಟದಿಂದ ಹೊರನಡೆದಿದ್ದ ಲೆಮ್ಲೆ ಪಾಲುದಾರರೊಂದಿಗೆ ಯೂನಿವರ್ಸಲ್ ಕಟ್ಟಿದ್ದ. ಫಾಕ್ಸ್ ತನ್ನ ಹೆಸರಿನ ಕಂಪನಿಯನ್ನೂ ತೆರೆದಾಗಿತ್ತು.

ಈ ಕಥೆಯಲ್ಲಿ ಎಲ್ಲರಿಗಿಂತ ಕುತೂಹಲದ ವ್ಯಕ್ತಿ ಮಾತ್ರ ಇಂದು ಹೆಚ್ಚಿನವರಿಗೆ ಗೊತ್ತಿಲ್ಲದ ಡಬ್ಲ್ಯು. ಡಬ್ಲ್ಯು. ಹಾಡ್ಕಿನ್‌ಸನ್. ಯೂಟಾದ ಆಗ್ಡೆನ್‌ನಲ್ಲಿ ಚಿತ್ರಮಂದಿರ ನಡೆಸಿದ್ದ ಈತ, 1914ರಲ್ಲಿ ಬೇರೆ ಬೇರೆ ಪ್ರದೇಶಗಳ ವಿತರಕರನ್ನು ಒಟ್ಟುಗೂಡಿಸಿ ಪ್ಯಾರಾಮೌಂಟ್ ಸ್ಥಾಪಿಸಿದ. ಅದು ಚಿತ್ರ ತಯಾರಿಸುವ ಕಂಪನಿಯೇ ಅಲ್ಲ, ಬರಿಯ ವಿತರಣಾ ಸಂಸ್ಥೆ. ಇಂದಿಗೂ ತೆರೆಯ ಮೇಲೆ ಮೂಡುವ ಆ ಹಿಮಶಿಖರದ ಗುರುತನ್ನು ಗೀಚಿದವನೂ ಅವನೇ ಎನ್ನುತ್ತಾರೆ. ನಿರ್ಮಾಪಕನಿಗೆ ಮುಂಗಡ ಕೊಟ್ಟು ಚಿತ್ರ ಮಾಡಿಸುವುದು, ಬಾಡಿಗೆ ಹಣದಲ್ಲಿ ಶೇ 35 ತಾನು ಇಟ್ಟುಕೊಂಡು ಶೇ 65 ಅವನಿಗೆ ಕೊಡುವುದು ಅವನ ಲೆಕ್ಕ. ಗಾಂಧಿನಗರದ ಸಿನಿಮಾ ಗಲ್ಲಿಗಳಲ್ಲಿ ಎಂಜಿ (ಮಿನಿಮಮ್ ಗ್ಯಾರಂಟಿ), ಅಡ್ವಾನ್ಸ್, ಪರ್ಸೆಂಟೇಜ್ ಎಂದು ಚೌಕಾಸಿ ಮಾಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ತಯಾರಿಸುವವ, ಹಂಚುವವ, ತೋರಿಸುವವ ಮೂವರೂ ಬೇರೆಬೇರೆಯಾಗಿರಬೇಕು ಎಂಬುದು ಹಾಡ್ಕಿನ್‌ಸನ್‌ನ ಹಟ.

ಅವನಿಗೆ ಚಿತ್ರ ಒದಗಿಸುತ್ತಿದ್ದ ಝೂಕರ್‌ಗೆ ಆ ಶೇ 35 ಕಣ್ಣು ಕುಕ್ಕುತ್ತಿತ್ತು. ಸದ್ದಿಲ್ಲದೆ ಪ್ಯಾರಾಮೌಂಟಿನ ಷೇರುಗಳು ಝೂಕರ್ ಕಡೆ ಸೇರಿದವು. 1916ರ ಜೂನ್‌ನ ಆಡಳಿತ ಮಂಡಳಿ ಸಭೆಯಲ್ಲಿ ಹಾಡ್ಕಿನ್‌ಸನ್ ಅಧ್ಯಕ್ಷಗಿರಿ ಕಳೆದುಕೊಂಡ. ತಯಾರಿಕೆ, ವಿತರಣೆ ಒಂದಾದವು. ಮೇರಿ ಪಿಕ್‌ಫರ್ಡ್ ಚಿತ್ರ ಬೇಕೆಂದರೆ ಜೊತೆಗೆ ಕಟ್ಟಿಕೊಟ್ಟ ಸಾಧಾರಣ ಚಿತ್ರಗಳನ್ನೂ ಕೊಳ್ಳಬೇಕೆಂಬ ಗಂಟು ವ್ಯಾಪಾರ ಬಲವಾಯಿತು. ಸಿಟ್ಟಿಗೆದ್ದ ಚಿತ್ರಮಂದಿರದವರು 1917ರಲ್ಲಿ ‘ಫಸ್ಟ್ ನ್ಯಾಷನಲ್’ ಕಟ್ಟಿ ಚಾಪ್ಲಿನ್‌ನನ್ನೇ ಸೆಳೆದರು. ಝೂಕರ್ ಅದಕ್ಕೆ ಉತ್ತರವಾಗಿ ಚಿತ್ರಮಂದಿರಗಳನ್ನೇ ಕೊಳ್ಳತೊಡಗಿದ. ಮಂದಿರಗಳ ಒಡೆಯ ಮಾರ್ಕಸ್ ಲೋ ಎದುರು ದಿಕ್ಕಿನಿಂದ ನಡೆದು, ತನ್ನ ತೆರೆಗಳನ್ನು ತುಂಬಲು ಮೆಟ್ರೊ, ಗೋಲ್ಡ್‌ವಿನ್, ಮೇಯರ್ ಮೂರನ್ನೂ 1924ರಲ್ಲಿ ಒಂದುಗೂಡಿಸಿದ. ಎಂಜಿಎಂನ ಸಿಂಹ ಗರ್ಜಿಸಿದ್ದು ಹೀಗೆ.

1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗಂಟು ವ್ಯಾಪಾರ ತಪ್ಪೆಂದಿತು. ಅದರ ಬೆನ್ನಿಗೇ ಸ್ಟುಡಿಯೊಗಳು ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಆ ಪ್ರಕರಣಕ್ಕೆ ಅಂಟಿದ್ದು ಪ್ಯಾರಾಮೌಂಟ್‌ನ ಹೆಸರೇ. ಹಾಡ್ಕಿನ್‌ಸನ್ ಆಗಿನ್ನೂ ಬದುಕಿದ್ದ. ಅವನ ಹಟದಲ್ಲಿ ಅರ್ಧ ಗೆದ್ದಿತೆನ್ನಬಹುದು, ಅರ್ಧವಷ್ಟೇ: ತೋರಿಸುವವನು ಬೇರೆಯಾದ, ಹಂಚುವ ಹಕ್ಕು ಮಾತ್ರ ಸ್ಟುಡಿಯೊ ಕೈಯಲ್ಲೇ ಉಳಿಯಿತು. ಸ್ಟುಡಿಯೊಗಳು ಇಷ್ಟು ಕಾಲ ಬಾಳಿದ್ದಕ್ಕೆ ಆ ಉಳಿದ ಅರ್ಧವೇ ಕಾರಣವಿರಬೇಕು.

ಅಂಚೆಯಲ್ಲಿ ಡಿವಿಡಿ ಬಾಡಿಗೆಗೆ ಕಳಿಸುತ್ತ ಶುರುವಾದ ನೆಟ್‌ಫ್ಲಿಕ್ಸ್ ಕೂಡ ಮೈಲ್ಸ್ ಸಹೋದರರ ಕಸುಬಿನದೇ. ಅದೂ ಹಂಚುತ್ತ ಹಂಚುತ್ತ ತಯಾರಿಕೆಗೆ ಇಳಿಯಿತು. 1948ರ ತೀರ್ಪಿನಿಂದ ಬಂದ ಕಟ್ಟಳೆಗಳನ್ನು 2020ರಲ್ಲಿ ರದ್ದುಗೊಳಿಸಲಾಯಿತು. ಅದೇ ವರ್ಷ ನೆಟ್‌ಫ್ಲಿಕ್ಸ್ ಹಾಲಿವುಡ್ ಬುಲೆವಾರ್ಡ್‌ನಲ್ಲಿ 1922ರಿಂದ ಇರುವ ಈಜಿಪ್ಷಿಯನ್ ಚಿತ್ರಮಂದಿರವನ್ನು ಕೊಂಡಿತು.