ಬೀಗದ ಕೈ ಕೊಡದ ಫೋನಿಗೆ ದುಡ್ಡು ಕೊಡಬೇಡಿ

ಮೊಬೈಲ್ ಕೊಳ್ಳುವವರಲ್ಲಿ, ಮಾರುವವರಲ್ಲಿ, ಮನೆಮಂದಿಗೆಲ್ಲ ಫೋನ್ ಆರಿಸಿಕೊಡುವ ಹುಡುಗ ಹುಡುಗಿಯರಲ್ಲಿ ಒಂದು ಮನವಿ



ಅಂಗಡಿಗೆ ಹೋದಾಗ ನಾವು ಕೇಳುವುದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ರ‍್ಯಾಮ್ ಎಷ್ಟು, ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತೆ, ತಿಂಗಳಿಗೆ ಇಎಂಐ ಎಷ್ಟು ಎಂದು. ಇದಕ್ಕೆ ಯಾವ ವರ್ಷದವರೆಗೆ ಅಪ್‌ಡೇಟ್ ಬರುತ್ತದೆ? ಅದು ನಿಂತ ಮೇಲೆ ನಮಗೆ ಬೇಕಾದ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲು ಕಂಪನಿ ಬಿಡುತ್ತದೆಯೇ? ಈ ಎರಡನ್ನು ಕೇಳುವವರು ತೀರಾ ವಿರಳ. ಇವನ್ನೇ ಮೊದಲು ಕೇಳಿ. ಎರಡನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಆ ಫೋನನ್ನು ಅಲ್ಲೇ ಬಿಟ್ಟು ಬನ್ನಿ.

ಪವರ್ ಬಟನ್ ಒತ್ತಿದೊಡನೆ ಮೊದಲು ಏಳುವ ಸಣ್ಣ ಪ್ರೋಗ್ರಾಂಗಳಲ್ಲಿ ಬೂಟ್‌ಲೋಡರ್ ಒಂದು. ಮುಂದೆ ಯಾವ ಆಪರೇಟಿಂಗ್ ಸಿಸ್ಟಮ್ ಏಳಬೇಕೆಂದು ತೀರ್ಮಾನಿಸುವುದು ಅದೇ. ಕಂಪನಿಯ ಸಹಿ ಇಲ್ಲದ ಯಾವುದನ್ನೂ ಒಳಗೆ ಬಿಡದಂತೆ ಅದಕ್ಕೆ ಬೀಗ ಹಾಕಿ ಮಾರುತ್ತಾರೆ. ಬೀಗ ಹಾಕುವುದು ತಪ್ಪಲ್ಲ. ಫೋನ್ ಕಳ್ಳನ ಕೈಗೆ ಸಿಕ್ಕರೆ ಅವನು ಒಳಗಿನ ಸಿಸ್ಟಮ್ ಬದಲಿಸದಂತೆ ಅದು ಕಾಯುತ್ತದೆ. ಆದರೆ ಪೂರ್ತಿ ದುಡ್ಡು ಎಣಿಸಿಕೊಟ್ಟು ಕೊಂಡವರಿಗೂ ಆ ಬೀಗದ ಕೈ ಸಿಗುವುದಿಲ್ಲವೆಂದರೆ ಅದು ಅನ್ಯಾಯ. ಆಗ ಫೋನ್ ನಮ್ಮದು, ಅದರ ಆಯಸ್ಸು ಮಾತ್ರ ಕಂಪನಿಯದು.

ಆಂಡ್ರಾಯ್ಡ್‌ನ ಮೂಲ ಕೋಡನ್ನು ಗೂಗಲ್ ಯಾರು ಬೇಕಾದರೂ ಬಳಸಬಹುದೆಂದು ಮುಕ್ತವಾಗಿಟ್ಟಿದೆ. ಅದರ ಬುಡದಲ್ಲಿರುವ ಲಿನಕ್ಸ್ ಕರ್ನಲ್ ಜಿಪಿಎಲ್ ಪರವಾನಗಿಯದು. ಅದನ್ನು ತಿದ್ದಿ ಫೋನಿನಲ್ಲಿಟ್ಟು ಮಾರುವ ಕಂಪನಿ ತಾನು ತಿದ್ದಿದ ಕೋಡನ್ನು ಕೊಡಲೇಬೇಕು. ಈ ಬಲದ ಮೇಲೆಯೇ 2009ರಲ್ಲಿ ಸ್ಟೀವ್ ಕಾಂಡಿಕ್ ಎಂಬ ಪ್ರೋಗ್ರಾಮರ್ ಸಯನೋಜೆನ್‌ಮಾಡ್ ಎಂಬ ಬದಲಿ ಆಂಡ್ರಾಯ್ಡ್ ಶುರು ಮಾಡಿದರು. ಅದರ ಬೆನ್ನಿಗಿದ್ದ ಕಂಪನಿ 2016ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಸ್ವಯಂಸೇವಕರು ಅದೇ ಕೋಡನ್ನು ಎತ್ತಿಕೊಂಡು ಲೀನಿಯೇಜ್ ಓಎಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಇಂದಿಗೂ ಕಸ್ಟಮ್ ರಾಮ್ (ಕಂಪನಿಯದಲ್ಲದ ಆಪರೇಟಿಂಗ್ ಸಿಸ್ಟಮ್) ಎಂದರೆ ಬಹಳ ಜನಕ್ಕೆ ಮೊದಲು ನೆನಪಾಗುವ ಹೆಸರು ಅದೇ.

ಹೀಗೆ ಕೋಡ್ ಮುಕ್ತವಾಗಿದ್ದುದರಿಂದ ಆದ ಲಾಭಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಸಂದೇಶ ಬಂದರೆ ಬರೀ ಚೌಕಗಳು ಕಾಣುತ್ತಿದ್ದುದು ಹಲವರಿಗೆ ನೆನಪಿದ್ದೀತು. ಗೂಗಲ್‌ನ ಮೂಲ ಆಂಡ್ರಾಯ್ಡ್‌ನಲ್ಲೇ ಮೆನು, ಸೆಟ್ಟಿಂಗ್ಸ್ ಎಲ್ಲವೂ ಕನ್ನಡದಲ್ಲಿ ಸಿಕ್ಕಿದ್ದು 2014ರ ಆಂಡ್ರಾಯ್ಡ್ 5ರಿಂದ. 2011ರ ಗ್ಯಾಲಕ್ಸಿ ಎಸ್2 ಫೋನನ್ನು ಸ್ಯಾಮ್‌ಸಂಗ್ 4.1ರ ಹಂತದಲ್ಲೇ ನಿಲ್ಲಿಸಿತು. ಕಂಪನಿಯನ್ನೇ ನಂಬಿ ಕುಳಿತವರಿಗೆ ಆ ಫೋನಿನಲ್ಲಿ ಆ ಕನ್ನಡದ ಮೆನು ಬರುವ ದಾರಿಯೇ ಇರಲಿಲ್ಲ. ಅದೇ ಫೋನಿಗೆ ಲೀನಿಯೇಜ್ ಆಂಡ್ರಾಯ್ಡ್ 7.1 ಕೊಟ್ಟಿತು. ಹೊಸ ಹಾರ್ಡ್‌ವೇರ್ ಯಾವುದೂ ಬೇಕಾಗಲಿಲ್ಲ, ಬೇಕಾಗಿದ್ದು ತೆರೆಯುವ ಬೂಟ್‌ಲೋಡರ್ ಮತ್ತು ಶ್ರದ್ಧೆಯಿಂದ ಕೂತು ಕೆಲಸ ಮಾಡುವ ನಾಲ್ಕು ಜನ.

ಇನ್ನೊಂದು ನಿದರ್ಶನ ಒನ್‌ಪ್ಲಸ್ ಒನ್. 2014ರ ಕೊನೆಯಲ್ಲಿ ಅದು ಸಯನೋಜೆನ್ ಸಿಸ್ಟಮ್‌ನೊಂದಿಗೆ ಭಾರತಕ್ಕೆ ಬಂದಾಗ, ಇಲ್ಲಿ ಆ ಸಿಸ್ಟಮ್ ಬಳಸುವ ಹಕ್ಕು ತನಗೆ ಮಾತ್ರ ಇದೆ ಎಂದು ಮೈಕ್ರೋಮ್ಯಾಕ್ಸ್ ದಿಲ್ಲಿ ಹೈಕೋರ್ಟಿಗೆ ಹೋಯಿತು. ಕಂಪನಿ ಕಂಪನಿಗಳ ಕರಾರಿನ ಜಗಳದಲ್ಲಿ ಗ್ರಾಹಕರ ಫೋನಿನ ಸಾಫ್ಟ್‌ವೇರ್ ಸಿಕ್ಕಿಹಾಕಿಕೊಂಡಿತು. ಆದರೂ ಕೊಂಡವರು ಬೀದಿಗೆ ಬೀಳಲಿಲ್ಲ, ಏಕೆಂದರೆ ಆ ಫೋನಿನ ಬೀಗ ತೆರೆಯಬಹುದಿತ್ತು. ಮುಂದೆ ಲೀನಿಯೇಜ್ ಅದನ್ನು ಆಂಡ್ರಾಯ್ಡ್ 11ರವರೆಗೆ ನಡೆಸಿತು. 2018ರ ಆಗಸ್ಟ್‌ನಲ್ಲಿ ಬಂದ ಪೋಕೋ ಎಫ್1 ಕಂಪನಿಯ ಲೆಕ್ಕದಲ್ಲಿ ಆಂಡ್ರಾಯ್ಡ್ 10ಕ್ಕೆ ಮುಗಿಯಿತು. ಲೀನಿಯೇಜ್ ಅದಕ್ಕೆ 14 ಕೂಡ ಕೊಟ್ಟಿದೆ.

ಆದರೆ ಈ ಬಾಗಿಲು ಒಂದೊಂದಾಗಿ ಮುಚ್ಚುತ್ತಿದೆ. ಹುವಾವೇ 2018ರಲ್ಲೇ ಅನ್‌ಲಾಕ್ ಕೋಡ್ ಕೊಡುವುದನ್ನು ನಿಲ್ಲಿಸಿತು. ಶಿಯೋಮಿ ಅನ್‌ಲಾಕ್ ಕೇಳಿದವರನ್ನು ದಿನಗಟ್ಟಲೆ ಕಾಯಿಸುತ್ತದೆ, ತನ್ನ ಹೊಸ ಸಿಸ್ಟಮ್ ಹೈಪರ್ ಓಎಸ್ ಬಂದ ಮೇಲೆ ಷರತ್ತುಗಳನ್ನು ಇನ್ನಷ್ಟು ಬಿಗಿ ಮಾಡಿದೆ. ಸ್ಯಾಮ್‌ಸಂಗ್ 2025ರಲ್ಲಿ ಒನ್ ಯುಐ 8ರ ಜೊತೆ ಅನ್‌ಲಾಕ್ ಆಯ್ಕೆಯನ್ನೇ ತೆಗೆದುಹಾಕಿತು. ‘ಈಗ ಕಂಪನಿಗಳೇ ಏಳು ವರ್ಷ ಅಪ್‌ಡೇಟ್ ಕೊಡುತ್ತವಲ್ಲ’ ಎನ್ನುವವರಿದ್ದಾರೆ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಫೋನುಗಳಿಗೆ ಆ ಮಾತು ಕೊಟ್ಟಿರುವುದು ನಿಜ, ಸಂತೋಷ. ಆದರೆ ಕೂಲಿ ಮಾಡಿ, ಚೀಟಿ ಹಾಕಿ ಹತ್ತು ಸಾವಿರದ ಫೋನ್ ತೆಗೆದುಕೊಳ್ಳುವ ಮನೆಗೆ ಆ ಏಳು ವರ್ಷ ಎಲ್ಲಿ ಬಂತು? ಫೋನ್ ಬಹುಕಾಲ ಬಾಳಬೇಕಾದ್ದು ಅವರ ಮನೆಯಲ್ಲಿ, ಬೇಗ ಕೈಬಿಡುವುದೂ ಅವರ ಫೋನನ್ನೇ.

ಫೋನ್ ಆರಿಸುವಾಗ ಅತಿ ಹೆಚ್ಚು ಎಚ್ಚರ ಬೇಕಾದದ್ದು ಹೆಸರಿನ ವಿಷಯದಲ್ಲಿ. 2018ರಲ್ಲಿ ಭಾರತದಲ್ಲಿ ‘ರೆಡ್ಮಿ ನೋಟ್ 5’ ಎಂದು ಮಾರಿದ ಫೋನಿನ ಸಂಕೇತನಾಮ ‘ವಿನ್ಸ್’. ಒಳಗಿದ್ದದ್ದು ಸ್ನಾಪ್‌ಡ್ರಾಗನ್ 625. ಬೇರೆ ದೇಶಗಳಲ್ಲಿ ಅದೇ ಫೋನ್ ‘ರೆಡ್ಮಿ 5 ಪ್ಲಸ್’. ಅಲ್ಲಿ ‘ರೆಡ್ಮಿ ನೋಟ್ 5’ ಎಂದು ಮಾರಿದ್ದು ನಾವು ‘ನೋಟ್ 5 ಪ್ರೋ’ ಎಂದು ಕೊಂಡದ್ದನ್ನು. ಅದರ ಸಂಕೇತನಾಮ ‘ವೈರೆಡ್’, ಚಿಪ್ 636. ಡಬ್ಬಿಯ ಮೇಲಿನ ಹೆಸರು ನೋಡಿಕೊಂಡು ಫೈಲ್ ಇಳಿಸಿ ಫ್ಲ್ಯಾಶ್ ಮಾಡಲು (ಫೋನಿಗೆ ಹಾಕಲು) ಹೊರಟರೆ ಅದು ಇನ್ನೊಂದು ಫೋನಿನ ಫೈಲ್. ಸಿಸ್ಟಮ್ ಹಾಕುವ ರಿಕವರಿ ಪ್ರೋಗ್ರಾಂ ಅದನ್ನು ತಿರಸ್ಕರಿಸಿದರೆ ಪುಣ್ಯ. ಎಚ್ಚರಿಕೆಯನ್ನು ದಾಟಿ ಬಲವಂತ ಮಾಡಿದರೆ ಫೋನ್ ಬ್ರಿಕ್ ಆಗಬಹುದು, ಅಂದರೆ ಮತ್ತೆ ಏಳದೇ ಹೋಗಬಹುದು. ಆದ್ದರಿಂದ ಕೊಳ್ಳುವ ಮೊದಲೇ ನಿಮ್ಮ ಮಾಡೆಲ್‌ನ ಸಂಕೇತನಾಮ ತಿಳಿದುಕೊಂಡು, ಲೀನಿಯೇಜ್‌ನ ಅಧಿಕೃತ ಪಟ್ಟಿಯಲ್ಲಿ ಆ ನಾಮ ಇದೆಯೇ ನೋಡಿ. ಯಾರೋ ಒಬ್ಬರು ಟೆಲಿಗ್ರಾಂ ಗುಂಪಿನಲ್ಲಿ ಹಾಕಿದ ಫೈಲನ್ನು ನಂಬಬೇಡಿ. ಬೀಗ ತೆರೆಯುವಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಫೋಟೋ, ಸಂಪರ್ಕ ಸಂಖ್ಯೆಗಳ ಬ್ಯಾಕಪ್ ಮೊದಲೇ ಆಗಿರಲಿ.

ಕರೆಯ ವಿಷಯ ಮರೆಯಬಾರದು. ಜಿಯೋಗೆ 2ಜಿ, 3ಜಿ ಇಲ್ಲ; ಅಲ್ಲಿ ಮಾತಾಡಬೇಕಾದರೆ ವೋಲ್ಟಿ (4ಜಿ ಮೇಲಿನ ಕರೆ) ಕೆಲಸ ಮಾಡಲೇಬೇಕು. ಕೆಲವು ರಾಮ್‌ಗಳಲ್ಲಿ ಕ್ಯಾಮೆರಾ, ವೈಫೈ ಎಲ್ಲ ಸರಿಯಿದ್ದು ವೋಲ್ಟಿ ಮಾತ್ರ ಕೈಕೊಡುತ್ತದೆ. ನಿಮ್ಮದೇ ಮಾಡೆಲ್ ಬಳಸುತ್ತಿರುವವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಫೋನಾದರೆ *#06# ಒತ್ತಿ 15 ಅಂಕಿಯ ಐಎಂಇಐ ನೋಡಿ, ಸರಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಪರೀಕ್ಷಿಸಿ ಆಮೇಲೆ ದುಡ್ಡು ಕೊಡಿ. ‘ಐಎಂಇಐ ಬದಲಾಯಿಸಿಕೊಡ್ತೀನಿ’ ಎನ್ನುವವರ ಹತ್ತಿರ ಸುಳಿಯಲೇಬೇಡಿ. ಅದು ಅಪರಾಧ, ಕಸ್ಟಮ್ ರಾಮ್‌ಗೂ ಅದಕ್ಕೂ ಸಂಬಂಧವಿಲ್ಲ.

ಬ್ಯಾಂಕ್ ಆ್ಯಪ್‌ಗಳ ತೊಡಕನ್ನು ಮುಚ್ಚಿಟ್ಟು ಯಾರನ್ನೂ ಒಪ್ಪಿಸುವುದು ನಮಗೆ ಬೇಡ. ಬೀಗ ತೆರೆದ ಫೋನಿನಲ್ಲಿ ಕೆಲವು ಬ್ಯಾಂಕ್, ಯುಪಿಐ ಆ್ಯಪ್‌ಗಳು ತೆರೆಯುವುದಿಲ್ಲ. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯನ್ನು ಅವು ನೆಚ್ಚಿಕೊಂಡಿರುತ್ತವೆ. ಬೀಗ ತೆರೆದಿದೆ ಎಂಬುದಷ್ಟೇ ಅಲ್ಲಿ ಅನುಮಾನಕ್ಕೆ ಸಾಕು. ವರ್ಷಗಳಿಂದ ಸೆಕ್ಯೂರಿಟಿ ಪ್ಯಾಚ್ ಕಾಣದ ಕಂಪನಿಯ ಫೋನ್ ಆ ಪರೀಕ್ಷೆಯ ಸಾಮಾನ್ಯ ಹಂತ ಪಾಸಾಗಬಹುದು, ಈ ತಿಂಗಳ ಪ್ಯಾಚ್ ಇರುವ ಲೀನಿಯೇಜ್ ಫೋನ್ ಫೇಲಾಗಬಹುದು. ಇದು ಭದ್ರತೆಯ ನ್ಯಾಯವಲ್ಲ. ಆದರೂ ಸದ್ಯದ ವಾಸ್ತವ ಇದೇ ಆದ್ದರಿಂದ, ಒಂದೇ ಫೋನಿನಲ್ಲಿ ಅಂಗಡಿಯ ವ್ಯಾಪಾರವೆಲ್ಲ ನಡೆಸುವವರು ಅದನ್ನು ಮುಟ್ಟಬೇಡಿ. ಕಪಾಟಿನಲ್ಲಿ ಮಲಗಿರುವ ಹಳೆಯ ಫೋನಿನಿಂದ ಶುರು ಮಾಡಿ. ಹೆಚ್ಚು ಭದ್ರತೆಯೇ ಬೇಕೆಂದರೆ ಪಿಕ್ಸೆಲ್ ಫೋನುಗಳಿಗೆ ಗ್ರಾಫೀನ್ ಓಎಸ್ ಇದೆ. ಅದನ್ನು ಹಾಕಿದ ಮೇಲೆ ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕಬಹುದು. ಬೀಗವೂ ಇರಲಿ, ಕೈಯೂ ಮಾಲೀಕರ ಬಳಿ ಇರಲಿ ಎಂಬ ನಮ್ಮ ಬೇಡಿಕೆ ಅಸಾಧ್ಯವಲ್ಲ ಎನ್ನುವುದಕ್ಕೆ ಅದೇ ಪುರಾವೆ.

ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಲ್ಲಿದೆ: ಒಂದು ಮಾಡೆಲ್‌ನ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯ ಹೆಜ್ಜೆ. ಆದರೆ ರಿಪೇರಿ ಎಂದರೆ ಬರೀ ಡಿಸ್‌ಪ್ಲೇ, ಬ್ಯಾಟರಿ ಬದಲಿಸುವುದಲ್ಲ. ಹಾರ್ಡ್‌ವೇರ್ ಗಟ್ಟಿಮುಟ್ಟಾಗಿದ್ದೂ ಸಾಫ್ಟ್‌ವೇರ್ ಸತ್ತಿದ್ದಕ್ಕೆ ಇ-ತ್ಯಾಜ್ಯದ ರಾಶಿ ಸೇರುವ ಫೋನಿಗೂ ರಿಪೇರಿ ಬೇಕು, ಆ ರಿಪೇರಿಗೆ ಬೀಗದ ಕೈ ಬೇಕು.

ನಮ್ಮ ಬೇಡಿಕೆ ಇಷ್ಟು. ಅಪ್‌ಡೇಟ್ ಯಾವ ತಿಂಗಳಿಗೆ ಮುಗಿಯುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಎಂಆರ್‌ಪಿ ಪಕ್ಕದಲ್ಲೇ, ಕನ್ನಡದಲ್ಲೂ ಅಚ್ಚು ಹಾಕಬೇಕು. ಬೂಟ್‌ಲೋಡರ್ ತೆರೆಯಲು ಅವಕಾಶ ಇದೆಯೋ ಇಲ್ಲವೋ ಎಂಬುದನ್ನೂ ಅಲ್ಲೇ ಹೇಳಬೇಕು. ಕಂಪನಿ ಅಪ್‌ಡೇಟ್ ನಿಲ್ಲಿಸಿದ ದಿನ, ಕೇಳಿದ ಪ್ರತಿ ಮಾಲೀಕರಿಗೂ ಬೀಗದ ಕೈ ಸಿಗಬೇಕೆಂದು ಕಾನೂನು ಬರಬೇಕು.

ಈ ಮಾತನ್ನು ನಿಮ್ಮ ಶಾಸಕರಿಗೆ, ಸಂಸದರಿಗೆ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಮುಂದಿನ ಸಲ ಮೊಬೈಲ್ ಅಂಗಡಿಯ ಕೌಂಟರಿನ ಮುಂದೆ ನಿಂತಾಗ ಕ್ಯಾಮೆರಾ ಬಗ್ಗೆ ಕೇಳುವ ಮೊದಲು ‘ಇದರ ಬೂಟ್‌ಲೋಡರ್ ಅನ್‌ಲಾಕ್ ಆಗುತ್ತಾ?’ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಈ ಕರಪತ್ರವನ್ನು ಅವರ ಕೈಗೇ ಕೊಟ್ಟು ಬನ್ನಿ.